ಸಮುದ್ರದ ಕಿಲುಬು

“ಒಂದು ಕಿಲುಬು ತೆಗಿಯಕ್ಕೆ ಇಷ್ಟೊಂದು ಪೂಜೆನಾ ಮಾರಾಯ? ನಿಮ್ಮಕ್ಕನ ಕೈಗೆ ಕೊಡು ಅತ್ಲಾಗೆ. ಬೆಳ್ಗಾಗದ್ರೊಳಗೆ ಫಳಫಳ ಅನ್ಸಿ ಕೊಡ್ತಾಳೆ.”

ಎಸ್ಟೇಟ್ ಆಳುಗಳ ಲೈನ್‌ಮನೆಯ ಜಗುಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದ ಬಾಲು ತಲೆ ಎತ್ತಲಿಲ್ಲ. ಪಕ್ಕದ ಮನೆಯ ಕೃಷ್ಣಪ್ಪ, ಎಸ್ಟೇಟ್ ಜೀಪಿನ ಡ್ರೈವರು, ಗೋಡೆಗೊರಗಿ ಬೀಡಿ ಸೇದುತ್ತ ಅರ್ಧ ಗಂಟೆಯಿಂದ ನೋಡುತ್ತಿದ್ದ. ಬಾಲುವಿನ ಮುಂದೆ ಮೂರು ವೈರಿನ ಕಂತೆಗಳು ಕುರಿ ಕೊಯ್ದಾಗ ತೆಗೆದಿಟ್ಟ ಕರುಳಿನ ಹಾಗೆ ಬಿದ್ದಿದ್ದವು. ಒಂದೊಂದು ವೈರಿನ ತುದಿಗೂ ಲವಂಗದಷ್ಟು ಪುಟ್ಟ ಪಿನ್ನು, ಪಿನ್ನಿನ ಕುತ್ತಿಗೆಗೆ ದಾರದಲ್ಲಿ ಕಟ್ಟಿದ ನಂಬರ್ ಚೀಟಿ.

“ಇದು ನಿಮ್ಮ ಚೊಂಬಿನ ಕಿಲುಬಲ್ಲ ಕಣಣ್ಣ. ಸಮುದ್ರದ್ದು,” ಎಂದ ಬಾಲು. “ಮ್ಯಾಲೆ ಹಸ್ರಾಗಿ ಕಾಣದು ನಾಕಾಣೆ. ಒಳಗೆ ಹತ್ಕಂಡು ಹೋಗಿರದು ಹನ್ನೆರಡಾಣೆ.”

“ನಮ್ಮ ಮಾದಮ್ಮನ ಸಿಟ್ಟಿನಂಗೆ ಅನ್ನು,” ಎಂದು ಕೃಷ್ಣಪ್ಪ, ಹೆಂಡತಿಗೆ ಕೇಳಿಸಿತೇನೋ ಎಂದು ತನ್ನ ಮನೆಯ ಬಾಗಿಲ ಕಡೆ ಒಮ್ಮೆ ನೋಡಿಕೊಂಡು ನಕ್ಕ.

ಬಾಲು ಒಂಬತ್ತು ವರ್ಷದಿಂದ ಕರಾವಳಿಯ ಒಂದು ಬೀಚಿನಲ್ಲಿ ವಾಟರ್ ಸ್ಕೂಟರುಗಳ ಮೆಕ್ಯಾನಿಕ್ಕು. ಪ್ರವಾಸಿಗರು ಬೈಕಿನ ಮೇಲೆ ಕೂತ ಹಾಗೆ ಕೂತು ಅಲೆಯ ಮೇಲೆ ಹಾರುತ್ತಾರಲ್ಲ, ಆ ಗಾಡಿಗಳು. ಮಳೆಗಾಲದಲ್ಲಿ ಸಮುದ್ರ ಬಂದ್ ಆದಾಗ ಅವನು ವನಗೂರಿನ ಈ ಎಸ್ಟೇಟಿಗೆ, ಅಕ್ಕ ಹುಲಿಯಮ್ಮನ ಲೈನ್‌ಮನೆಗೆ ಬರುತ್ತಿದ್ದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದು ಅವಳೇ. ಇಲ್ಲಿ ಅವನು ಹುಲಿಯಮ್ಮನ ತಮ್ಮ, ಒಂದು ಕಾಲಕ್ಕೆ ಔಷಧಿ ಕ್ಯಾನು ಹೊತ್ತು ಕಾಫಿಗಿಡಕ್ಕೆ ಸ್ಪ್ರೇ ಹೊಡೆಯುತ್ತಿದ್ದವನು. ಅಲ್ಲಿ ಬಾಲಣ್ಣ. ಗಾಡಿ ಕೆಮ್ಮಿದರೆ ಇಡೀ ಬೀಚು “ಬಾಲಣ್ಣನ್ನ ಕರೀರಿ” ಅನ್ನುತ್ತಿತ್ತು.

ಹೋದ ಸೀಸನ್ನಿನಲ್ಲಿ ಎರಡು ಸಲ ಗಾಡಿ ನಡುನೀರಿನಲ್ಲಿ ನಿಂತುಹೋಯಿತು. ಎರಡನೆಯ ಸಲ ಗಾಡಿಯ ಮೇಲಿದ್ದವರು ಒಬ್ಬ ತಾಯಿ ಮತ್ತು ಅವಳ ಮಗಳು. ದೋಣಿ ಹೋಗಿ ಎಳೆದು ತರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಆ ಹೆಂಗಸು ದಡಕ್ಕೆ ಬಂದ ಮೇಲೆ ಯಾರನ್ನೂ ಬೈಯಲಿಲ್ಲ. ಮಗಳ ಕೂದಲನ್ನು ಸುಮ್ಮನೆ ಹಿಂಡುತ್ತ ಕೂತಿದ್ದಳು, ನೀರೆಲ್ಲ ಇಳಿದುಹೋದ ಮೇಲೂ. ಬಿಚ್ಚಿ ನೋಡಿದರೆ ವೈರುಗಳು ಸೇರುವ ಕಪ್ಲರಿನೊಳಗೆ ಉಪ್ಪು ಕೂತು ಪಿನ್ನನ್ನು ತಿಂದಿತ್ತು. ಓನರು ಹೇಳಿದ್ದು ಇಷ್ಟೇ: “ಈ ಮಳೆಗಾಲದಲ್ಲಿ ಮೂರೂ ಗಾಡಿಯ ವೈರು ಸರಿ ಮಾಡಿಕೊಂಡು ಬಂದ್ರೆ ಬಾ. ಆಗದಿದ್ರೆ ವೈರು ಬಸ್ಸಿಗೆ ಹಾಕು, ನೀನು ಬರುದು ಬೇಡ. ಬೇರೆ ಜನ ನೋಡ್ತೇನೆ.”

ವೈರನ್ನು ಘಟ್ಟಕ್ಕೆ ಒಯ್ಯುತ್ತೇನೆ ಎಂದವನು ಬಾಲುವೇ. ಕರಾವಳಿಯ ಗಾಳಿಯಲ್ಲೇ ಉಪ್ಪಿದೆ, ನಮ್ಮೂರ ಗಾಳಿಯಲ್ಲಿ ಇಲ್ಲ ಎಂದು ಅವನೇ ಓನರನ್ನು ಒಪ್ಪಿಸಿದ್ದ. ಪಿನ್ನುಗಳನ್ನು ಕಪ್ಲರಿನಿಂದ ಕಳಚಿ, ಉಪ್ಪು ಬಿಡಿಸುವ ಸ್ಪ್ರೇ ಹೊಡೆದು, ಮೆತ್ತನೆಯ ಬ್ರಶ್ಶಿನಿಂದ ಒಂದೊಂದನ್ನೇ ಸವರಬೇಕು. ಜೋರಾಗಿ ಉಜ್ಜಿದರೆ ಮೇಲಿನ ಬಿಳಿ ಕಲಾಯಿ ಹೋಗುತ್ತದೆ. ಕಲಾಯಿ ಹೋದರೆ ತಾಮ್ರಕ್ಕೆ ರಕ್ಷೆಯಿಲ್ಲ. ಆಮೇಲೆ ಪೂರ್ತಿ ಒಣಗಿಸಿ, ನೀರು ಹಿಡಿಯದ ಬಿಳಿ ಗ್ರೀಸು ತುಂಬಿ, ಹೊಸ ರಬ್ಬರ್ ರಿಂಗು ಕೂರಿಸಿ ಮುಚ್ಚಬೇಕು. ಆ ರಿಂಗುಗಳ ಪಾರ್ಸಲ್ ಸಕಲೇಶಪುರಕ್ಕೆ ಬಂದಿದೆಯೆಂದು ಫೋನು ಬಂದಾಗ ಬಾಲು ಕೃಷ್ಣಪ್ಪನ ಜೀಪು ಹತ್ತಿ ಹೋದ. ರಸ್ತೆಗೆ ಮರ ಬಿದ್ದು ಅಂದು ವಾಪಸು ಬರಲಾಗಲಿಲ್ಲ.

ಮರುದಿನ ಮಧ್ಯಾಹ್ನ ಬಂದಾಗ ಹುಲಿಯಮ್ಮ ಜಗುಲಿಯಲ್ಲೇ ಕಾಯುತ್ತಿದ್ದಳು. ಅವಳ ಮುಂದೆ ಒಂದು ದೊಡ್ಡ ಮೊರ, ಅದರ ಮೇಲೆ ಟವೆಲು.

“ಕೈಕಾಲು ತೊಳ್ಕಂಡು ಬಾ. ಅಲ್ಲಿಗಂಟ ನೋಡ್ಬ್ಯಾಡ.”

“ಎಂತ ಅಕ್ಕ ಅದು?”

“ಬಾರ್ಲಾ ಅಂದ್ರೆ.”

ಅವನು ಬಂದು ಕೂತ ಮೇಲೆ ಅವಳು ಟವೆಲು ತೆಗೆದಳು. ಮೊರದ ತುಂಬ ವೈರಿನ ತುದಿಯ ಪಿನ್ನುಗಳು. ಮಘೆ ಮಳೆ ಬಿಡುವು ಕೊಟ್ಟು ಬಿದ್ದ ಒಂದಿಷ್ಟು ಬಿಸಿಲಿಗೆ ಅವು ಮದುವಣಗಿತ್ತಿಯ ಒಡವೆಯ ಹಾಗೆ ಕೆಂಪಗೆ ಹೊಳೆಯುತ್ತಿದ್ದವು.

“ಎಂಗೈತೆ?”

ಬಾಲು ಒಂದನ್ನು ಎತ್ತಿಕೊಂಡ. ಕಲಾಯಿಯ ಬಿಳುಪು ಎಲ್ಲೂ ಇರಲಿಲ್ಲ.

“ಎಂತ ಹಾಕ್ದೆ ಅಕ್ಕ?”

“ಎಂತ ಹಾಕ್ತಾರೆ? ಹುಣ್ಸೆಹಣ್ಣು, ಕಲ್ಲುಪ್ಪು. ಕೊನೇಗೊಂದು ಕೈ ಬೂದಿ. ಬಂಗ್ಲೆ ಅಮ್ಮೋರ ದೀಪದ ಕಂಬಕ್ಕೂ ನಾನು ಹಾಕದು ಇದ್ನೇಯ. ಚೀಟಿ ನೆನೀದಂಗೆ ಮ್ಯಾಲಕ್ಕೆ ಸರ್ಸಿ ರಾತ್ರಿಯೆಲ್ಲ ನೆನೆ ಹಾಕಿದ್ದೆ, ಬಿಳೇದೊಂಥರ ಕೊಳೆ ಹಿಡ್ದಿತ್ತು, ಬಿಡೂದೇ ಇಲ್ಲ ಅಂತು. ಬುಡ್ಲಿಲ್ಲ ನಾನು. ನಿನ್ನ ಬ್ರಶ್ಶು ನೆಚ್ಕಂಡಿದ್ರೆ ದೀಪಾವಳಿ ಆಗ್ತಿತ್ತು.” ಅವಳ ಹೆಬ್ಬೆರಳ ತುದಿ ಹುಳಿಗೆ ಸೀಳಿತ್ತು, ಅದನ್ನು ಸೆರಗಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಳು. “ನೂರಾ ಹದ್ನೆಂಟು ಅವೆ, ಎಣ್ಸಿವ್ನಿ. ಚೀಟಿ ಓದಕ್ಕೆ ನಂಗೆ ಬರಕಿಲ್ವಲ್ಲ, ಅದ್ಕೆ ಒಂದೊಂದೇ ಬಿಚ್ಚಿ, ಒಂದೊಂದೇ ತೊಳ್ದು, ಒಂದೊಂದೇ ಕಟ್ದೆ. ಒಂದೂ ಅದಲುಬದಲಾಗಿಲ್ಲ, ಬೇಕಾರೆ ನೋಡ್ಕೊ.”

ಅವನು ನೋಡಿದ. ಒಂದೂ ಅದಲುಬದಲಾಗಿರಲಿಲ್ಲ.

“ಮಾತಾಡ್ಲಾ ಬಾಲು.”

“ಚೆನ್ನಾಗೈತಕ್ಕ.”

ಅವಳು ಊಟಕ್ಕೆ ಬಡಿಸಲು ಒಳಗೆ ಹೋದಳು. ಬಾಲು ಒಂದು ಕಂತೆ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂತ. ಪಿನ್ನಿನಿಂದ ಒಂದು ಬೆರಳುದ್ದ ಬಿಟ್ಟು ವೈರು ಕತ್ತರಿಸಿದ. ಒಳಗಿನ ಎಳೆಗಳು ಒದ್ದೆಯಾಗಿದ್ದವು. ಇನ್ನೊಂದು ಗೇಣು ಬಿಟ್ಟು ಕತ್ತರಿಸಿದ. ಅಲ್ಲೂ ಒದ್ದೆ; ನಾಲಿಗೆಗೆ ಮುಟ್ಟಿಸಿದರೆ ಹುಳಿ, ಹಿಂದೆಯೇ ಉಪ್ಪು. ಬತ್ತಿ ಎಣ್ಣೆ ಹೀರಿದ ಹಾಗೆ ವೈರು ರಾತ್ರಿಯಿಡೀ ಹುಣಸೆ ನೀರನ್ನು ಒಳಕ್ಕೆ ಎಳೆದುಕೊಂಡಿತ್ತು. ಇನ್ನು ಎಷ್ಟು ಸಿಹಿನೀರು ಸುರಿದರೂ ಆ ಒಳದಾರಿಗೆ ಇಳಿಯುವುದಿಲ್ಲ. ಕತ್ತರಿಸುತ್ತ ಹೋದರೆ ವೈರು ಗಿಡ್ಡವಾಗಿ ಗಾಡಿಗೆ ಮುಟ್ಟುವುದಿಲ್ಲ.

ಕಂತೆಯ ಉಳಿದ ವೈರುಗಳಿಗೆ ಮೀಟರು ಹಿಡಿದ. ಕರೆಂಟು ಹರಿಯುತ್ತಿದೆ ಎಂದು ಮೀಟರು ಕೀ ಎಂದಿತು. ಇನ್ನೊಂದಕ್ಕೆ ಹಿಡಿದ, ಕೀ. ಎಲ್ಲವೂ ಕೂಗುತ್ತಿದ್ದವು. ಗ್ರೀಸು ತುಂಬಿ ಮುಚ್ಚಿ ಒಯ್ದರೆ ಓನರು ಸ್ಟಾರ್ಟ್ ಮಾಡಿ ನೋಡುತ್ತಾರೆ, ಗಾಡಿ ಹೊರಡುತ್ತದೆ, ಬೆನ್ನು ತಟ್ಟುತ್ತಾರೆ. ಒಂದು ತಿಂಗಳು ಓಡಬಹುದು. ಆಮೇಲೆ ಒಂದು ದಿನ ನಿಲ್ಲುತ್ತದೆ, ದಡದಲ್ಲಿ ಅಲ್ಲ.

ಬಾಲು ಮೀಟರನ್ನು ಆಫ್ ಮಾಡಿ ಅಲ್ಲಿಂದಲೇ ಓನರಿಗೆ ಫೋನು ಹಚ್ಚಿದ.

“ಎಂತ ಬಾಲಣ್ಣ, ಆಯ್ತಾ? ಚೌತಿ ಕಳೆದ ಕೂಡ್ಲೇ ನೀರಿಗೆ ಇಳಿಸ್ಬೇಕು ಮಾರಾಯ.”

“ಸಾರ್,” ಎಂದ ಬಾಲು ದನಿ ತಗ್ಗಿಸಿ. “ವೈರು ಮೂರೂ ಹಾಳಾದ್ವು. ಹೊಸಾದು ತರಿಸ್ಕಳಿ. ಇವನ್ನ ಹಾಕ್ಲೇಬೇಡಿ.”

“ಹಾಳಾದ್ದು ಹೇಗೆ?”

“ಹುಣಸೆಹಣ್ಣು, ಉಪ್ಪು ಹಾಕಿ ತೊಳ್ದು.”

“ತೊಳ್ದದ್ದು ಯಾರು?”

“ನಾನು.”

“ಕೇಳ್ತಾ ಇಲ್ಲ. ಜೋರು ಹೇಳು. ಯಾರು?”

“ನಾನೇ ಸಾರ್,” ಎಂದು ಬಾಲು ಕೂಗಿದ. “ನಾನೇ ತೊಳ್ದಿದ್ದು. ಎಲ್ಲಾನೂ ನಾನೇ.”

ಫೋನಿನೊಳಗಿಂದ ನಗು ಎಷ್ಟು ಜೋರಾಗಿ ಬಂತೆಂದರೆ ಅವನು ಅದನ್ನು ಕಿವಿಯಿಂದ ದೂರ ಹಿಡಿದ. ಓನರು ಪಕ್ಕದಲ್ಲಿದ್ದ ಯಾರಿಗೋ ತುಳುವಿನಲ್ಲಿ ಹೇಳಿದರು, ಅವರೂ ನಕ್ಕರು. ನಗು ನಿಂತ ಮೇಲೆ ಓನರಿನ ದನಿ ಮೆತ್ತಗಾಗಿತ್ತು. “ಒಂಬತ್ತು ವರ್ಷ ನೀನು ಇಲ್ಲಿ ಎಂತ ಕಲ್ತದ್ದು ಮಾರಾಯ? ವೈರು ಬಸ್ಸಿಗೆ ಹಾಕು, ಆಯ್ತಾ. ಮತ್ತೆ, ನೀನು ಬರುದು ಬೇಡ ಬಾಲು.”

ಜಗುಲಿಗೆ ಬಂದಾಗ ಹುಲಿಯಮ್ಮ ಬಾಗಿಲಲ್ಲಿ ನಿಂತಿದ್ದಳು, ಸೌಟು ಕೈಯಲ್ಲೇ ಇತ್ತು.

“ಬಾಳ ನಗಾಡ್ತಿದ್ರಲ್ಲ ನಿಮ್ಮ ಓನರು? ಒಳಗಂಟ ಕೇಳ್ತು.”

“ಹೂಂ. ಖುಷಿಯಾಯ್ತು ಅವ್ರಿಗೆ.”

“ಆಗ್ದೆ ಇರುತ್ತಾ. ಅದ್ಸರಿ, ನಾನೇ ತೊಳ್ದಿದ್ದು, ನಾನೇ ತೊಳ್ದಿದ್ದು ಅಂತ ಕೂಗ್ತಿದ್ಯಲ್ಲ. ಬೆನ್ನು ಬಗ್ಸಿದೋಳು ನಾನು, ಹೆಸರು ನಿಂಗಾ?”

ಬಾಲು ಸಕಲೇಶಪುರದಿಂದ ತಂದ ಪಾರ್ಸಲನ್ನು ಬಿಚ್ಚದೆ ಹಾಗೇ ಮಾಡಿನ ಸಂದಿಗೆ ಸಿಕ್ಕಿಸಿದ.

“ಹೆಸರು ನಂಗೇ ಇರ್ಲಿ ಬುಡಕ್ಕ.”

“ಇಟ್ಕೊ, ಇಟ್ಕೊ. ಮಾದಮ್ಮಂಗಂತೂ ನಾನು ಹೇಳೇ ಹೇಳ್ತೀನಿ,” ಎಂದು ಹುಲಿಯಮ್ಮ ಸೌಟು ಅವನ ಕೈಗೆ ಕೊಟ್ಟು, ಮೊರ ಎತ್ತಿಕೊಂಡು, ಜೋತುಬಿದ್ದ ವೈರುಗಳನ್ನು ಸೊಂಟಕ್ಕೆ ಅವುಚಿಕೊಂಡು ಪಕ್ಕದ ಮನೆಯ ಅಂಗಳಕ್ಕೆ ಇಳಿದಳು.

ಮಾದಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೊರದ ಮೇಲೆ ಬಗ್ಗಿ, ಅದು ಇದು ಮುಟ್ಟಿ, ಕೊನೆಗೆ ಒಂದು ಪಿನ್ನನ್ನು ಎರಡು ಬೆರಳಲ್ಲಿ ಆರಿಸಿ ಎತ್ತಿದಳು. ಅದನ್ನು ವಾಲೆಯ ಹಾಗೆ ಕಿವಿಗೆ ಹಿಡಿದು, ಹುಲಿಯಮ್ಮನಿಗೆ ಕಾಣುವಂತೆ ಮುಖವನ್ನು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಿರುಗಿಸಿದಳು. ವೈರಿನ ಬಾಲ ಅವಳ ಭುಜದ ಮೇಲೆ ಅತ್ತಿತ್ತ ತೂಗುತ್ತಿತ್ತು.