ಹೊತ್ತದ್ದು ಹೆಚ್ಚು, ಹೊಡೆದದ್ದು ಕಮ್ಮಿ

ಪೊಲೀಸರ ಹಳೆಯ ಪಿಸ್ತೂಲುಗಳು ಅಂಗಡಿಗೆ ಬಂದ ವಾರವೆಂದರೆ ಮಾರ್ಲಿಸ್ ಗ್ರೂಂಕೆಗೆ ಹಬ್ಬವಿದ್ದಂತೆ. ವಿಸ್ಕಾನ್ಸಿನ್‌ನ ಉತ್ತರದ ಕಾಡುಸೀಮೆಯ ಸೀಡರ್ ನೆಕ್ ಎಂಬ ಆ ಸಣ್ಣ ಊರಿನಲ್ಲಿ ಮೀನಿನ ಗಾಳದಿಂದ ಹಿಡಿದು ಜಿಂಕೆ ಬೇಟೆಯ ಬಂದೂಕಿನವರೆಗೆ ಎಲ್ಲವೂ ಸಿಗುತ್ತಿದ್ದದ್ದು ಅವಳ ಅಂಗಡಿಯೊಂದರಲ್ಲೇ. ಊರಿನ ಠಾಣೆಯವರು ಹೊಸ ಮಾದರಿಯ ಪಿಸ್ತೂಲು ತರಿಸಿಕೊಂಡು, ಹಳೆಯವನ್ನೆಲ್ಲ ಅವಳಿಗೆ ವಿನಿಮಯಕ್ಕೆ ಕೊಟ್ಟಿದ್ದರು. ಅವಳು ಅವನ್ನು ಗಾಜಿನ ಕಟ್ಟೆಯೊಳಗೆ ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ "ಹೊತ್ತದ್ದು ಹೆಚ್ಚು, ಹೊಡೆದದ್ದು ಕಮ್ಮಿ" ಎಂದು ಬರೆದಿದ್ದಳು.

ಇದು ಅವಳು ಕಟ್ಟಿದ ಮಾತಲ್ಲ. ಪೊಲೀಸರ ಹಳೆ ಪಿಸ್ತೂಲು ಮಾರುವವರೆಲ್ಲ ಆಡುವ ಮಾತೇ ಅದು. ಪೊಲೀಸಿನವನು ವರ್ಷಗಟ್ಟಲೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಕಾರು ಹತ್ತುತ್ತಾನೆ, ಇಳಿಯುತ್ತಾನೆ, ಕಾಫಿ ಕುಡಿಯುತ್ತಾನೆ. ಸೊಂಟದ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಹೊರಮೈಯ ಬಣ್ಣ ಹೋಗಿರುತ್ತದೆ. ಗುರಿ ಪರೀಕ್ಷೆಯ ದಿನ ಬಿಟ್ಟರೆ ಗುಂಡು ಹಾರಿಸುವುದು ಇಲ್ಲವೇ ಇಲ್ಲ. ಹಾಗಾಗಿ ನೋಡಲು ಮುದಿಯಾದರೂ ಒಳಗೆಲ್ಲ ಹೊಸದು. ಇಂಥ ಮಾಲಿಗೆ ಜನ ಮುಗಿಬೀಳುತ್ತಾರೆ, ಮಾರ್ಲಿಸ್ ಕೂಡ ಅದನ್ನೇ ನೆಚ್ಚಿಕೊಂಡು ಕೂತಿದ್ದಳು.

ಡ್ವೇನ್ ಪಿಂಟರ್ ಬಂದದ್ದು ಹಿಮ ಕರಗುವ ಕಾಲದ ಒಂದು ಮಧ್ಯಾಹ್ನ. ಊರಿನ ಪೊಲೀಸನಾಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ. ಮಾರ್ಲಿಸ್‌ಗೆ ಶಾಲೆಯ ಕಾಲದ ಗೆಳೆಯ. ಅಂಗಡಿಗೆ ಬಂದನೆಂದರೆ ಕಟ್ಟೆಗೆ ಒರಗಿ, ಈ ಸಲ ಕೆರೆಯ ಮಂಜುಗಡ್ಡೆ ಬೇಗ ಒಡೆಯಿತೆಂದೋ ಮೀನುಗಳಿಗೆ ಬುದ್ಧಿ ಬಂದಿದೆಯೆಂದೋ ಒಂದು ಗಂಟೆ ಕೊರೆಯದೆ ಹೋಗುವ ಆಸಾಮಿಯಲ್ಲ. ಅವತ್ತು ಮಾತ್ರ ಟೋಪಿ ಕೂಡ ತೆಗೆಯದೆ ನೇರವಾಗಿ ಗಾಜಿನ ಕಟ್ಟೆಯ ಮುಂದೆ ಬಂದು ನಿಂತು, ಮೂವತ್ತೊಂದನೇ ನಂಬರಿನದು ಇದೆಯೇ ಎಂದು ಕೇಳಿದ. ಠಾಣೆಯವರು ಪ್ರತಿ ಪಿಸ್ತೂಲಿನ ಹೊಟ್ಟೆಯಡಿ ಒಂದು ನಂಬರು ಕೊರೆಸಿದ್ದರು. ಮೂವತ್ತೊಂದು ಅವನದಾಗಿತ್ತು.

"ಏನೋ, ಬಿಟ್ಟ ಹೆಂಡ್ತಿ ಮೇಲೆ ಮತ್ತೆ ಮನಸಾಯ್ತಾ?" ಎಂದುಬಿಟ್ಟಳು ಮಾರ್ಲಿಸ್. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಡ್ವೇನ್‌ನ ಹೆಂಡತಿ ನಿಜವಾಗಿಯೂ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅವಳ ಬಾಯಿ ಯಾವಾಗಲೂ ಹೀಗೆಯೇ, ತಲೆಗಿಂತ ಒಂದು ಹೆಜ್ಜೆ ಮುಂದೆ.

ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

ಅವಳು ಮೂವತ್ತೊಂದನ್ನು ಹುಡುಕಿ ತೆಗೆದು, ಗುಂಡಿನ ಡಬ್ಬಿ ಕಳಚಿ, ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆಳೆದು, ಒಳಗೆ ಏನೂ ಇಲ್ಲವೆಂದು ಅವನಿಗೆ ತೋರಿಸಿ, ಮುಚ್ಚಿ ಕೈಗೆ ಕೊಟ್ಟಳು. ತೆಗೆದುಕೊಂಡವರು ಮತ್ತೆ ಅದನ್ನು ತೆರೆದು, ತಮ್ಮ ಕಣ್ಣಿಂದಲೇ ಖಾಲಿ ಇರುವುದನ್ನು ನೋಡಬೇಕು. ಆಗಷ್ಟೇ ನೋಡಿದ್ದರೂ ನೋಡಬೇಕು. ಕೊಟ್ಟವನು ಸ್ವಂತ ತಮ್ಮನಾದರೂ ನೋಡಬೇಕು. ಆ ಸೀಮೆಯಲ್ಲಿ ಮಕ್ಕಳು ಬೂಟಿನ ದಾರ ಕಟ್ಟಲು ಕಲಿಯುವ ಮೊದಲು ಇದನ್ನು ಕಲಿಯುತ್ತವೆ. ಮಾರ್ಲಿಸ್‌ಳ ಅಪ್ಪನಂತೂ ಸಾಯುವ ಮುಂಚೆ ಆಸ್ಪತ್ರೆಯ ಹಾಸಿಗೆಯಲ್ಲಿ, ಮೊಮ್ಮಗ ಕೈಗಿತ್ತ ನೀರಿನ ಪಿಸ್ತೂಲಿನ ಮುಚ್ಚಳವನ್ನೂ ಬಿಚ್ಚಿ ಇಣುಕಿ ನೋಡಿದ್ದ.

ಡ್ವೇನ್ ತೆರೆಯಲಿಲ್ಲ. ತಿರುಗಿಸಿ ಹೊಟ್ಟೆಯಡಿಯ ನಂಬರು ನೋಡಿ, ಬಿಸಿ ಪಾತ್ರೆ ಇಡುವವನಂತೆ ಬೇಗನೆ ಕೆಳಗಿಟ್ಟು, ಇದನ್ನೇ ಕಟ್ಟಿಕೊಡು ಎಂದ.

ಜೀವಮಾನವೆಲ್ಲ ಪೊಲೀಸಾಗಿದ್ದವನು ಪಿಸ್ತೂಲು ತೆರೆದು ನೋಡುವುದಿಲ್ಲವೆಂದರೆ, ಅದರಲ್ಲಿ ಗುಂಡಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನುವ ಸ್ಥಿತಿಗೆ ಅವನು ಬಂದಿದ್ದಾನೆ ಎಂದೇ ಅರ್ಥ ಎನ್ನಿಸಿತು ಮಾರ್ಲಿಸ್‌ಗೆ. ಗುಂಡು ಬೇಕೇ ಎಂದಳು. ಬೇಡ. ಸೊಂಟದ ಚೀಲ? ಬೇಡ. ಮಾತು ಬೆಳೆಸೋಣವೆಂದು, ನಾಯಿಯನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೀಯಾ, ಒಳಗೆ ಕರೆದುಕೊಂಡು ಬಾ, ಅದಕ್ಕೆ ಸಾಸೇಜಿನ ತುಂಡು ಇಟ್ಟಿದ್ದೇನೆ ಎಂದಳು. ನಾಯಿಯನ್ನು ತಂಗಿಯ ಮನೆಗೆ ಕೊಟ್ಟುಬಿಟ್ಟೆ ಎಂದ ಅವನು.

ನಾಯಿಯನ್ನು ಕೊಟ್ಟುಬಿಟ್ಟಿದ್ದಾನೆ! ಕೆಲವು ವರ್ಷಗಳ ಹಿಂದೆ ಶಾಲಾ ಬಸ್ಸಿನ ಡ್ರೈವರ್ ಒಬ್ಬ ಇದೇ ಕಟ್ಟೆಯ ಮುಂದೆ ನಿಂತು, ನಗುನಗುತ್ತಾ ಒಂದು ಪಿಸ್ತೂಲು ಕೊಂಡುಹೋಗಿದ್ದ. ತನ್ನ ದೋಣಿಯನ್ನು ಪಕ್ಕದ ಮನೆಯವರಿಗೆ ಸುಮ್ಮನೆ ಕೊಟ್ಟೆ ಎಂದು ಹೇಳಿಯೂ ಇದ್ದ. ಎಂಥ ಧಾರಾಳ ಮನುಷ್ಯ ಎಂದು ಅವಳು ಹೊಗಳಿ ಕಳಿಸಿದ್ದಳು. ಆ ಭಾನುವಾರವೇ ಅವನ ಸಾವಿನ ಸುದ್ದಿ ಬಂತು. ಅವಳು ಆಮೇಲೆ ಎಷ್ಟೋ ದಿನ ಆ ಕಟ್ಟೆಯ ಹತ್ತಿರ ಊಟ ಮಾಡಲಾಗದೆ ಹಿಂದಿನ ಕೋಣೆಗೆ ತಟ್ಟೆ ಒಯ್ಯುತ್ತಿದ್ದಳು.

ಡ್ವೇನ್‌ನ ವಿಷಯದಲ್ಲಿ ಹೆದರಲು ಇನ್ನೂ ದೊಡ್ಡ ಕಾರಣವಿತ್ತು, ಅದು ಇಡೀ ಊರಿಗೆ ಗೊತ್ತಿದ್ದದ್ದೇ. ಒಂಬತ್ತು ವರ್ಷದ ಹಿಂದೆ ಅವನ ಗುಂಡಿಗೆ ಬರ್ನಿಸ್ ಕೊವಾಲಳ ಮಗ ಟ್ರೆಂಟ್ ಬಲಿಯಾಗಿದ್ದ. ಹುಡುಗನಿಗೆ ತಲೆ ಸ್ವಾಧೀನದಲ್ಲಿರಲಿಲ್ಲ. ಸತ್ತ ಅಪ್ಪನ ಬೇಟೆ ಬಂದೂಕು ಹಿಡಿದು ಅಂಗಳದಲ್ಲಿ ನಿಂತು ಕಂಡಕಂಡವರಿಗೆ ಗುರಿ ಹಿಡಿಯುತ್ತಿದ್ದ. ಡ್ವೇನ್ ಬಂದೂಕು ಕೆಳಗಿಡು ಎಂದು ಅಂಗಲಾಚಿದ್ದನ್ನು ಅಕ್ಕಪಕ್ಕದವರೆಲ್ಲ ಕೇಳಿದ್ದರು. ಹುಡುಗ ಅವನ ಕಡೆಗೇ ತಿರುಗಿಸಿದ. ತನಿಖೆಯವರು ಡ್ವೇನ್‌ನದು ತಪ್ಪಿಲ್ಲವೆಂದರು, ಊರೂ ಹಾಗೆಯೇ ಅಂದಿತು. ಮಾರ್ಲಿಸ್ ಇಬ್ಬರ ಮನೆಗೂ ಬೇಯಿಸಿದ ಅಡುಗೆ ಹೊತ್ತುಕೊಂಡು ಹೋಗಿದ್ದಳು. ಎರಡೂ ಮನೆಗಳಿಂದ ಪಾತ್ರೆ ಮುಟ್ಟದೆ ಹಾಗೇ ವಾಪಸು ಬಂದಿತ್ತು.

ಮಾರ್ಲಿಸ್ ಮೊದಲು ಸುಳ್ಳಿನ ದಾರಿ ಹಿಡಿದಳು. ಪಿಸ್ತೂಲು ಕೊಳ್ಳುವವರ ಪೂರ್ವಾಪರವನ್ನು ಸರ್ಕಾರದಲ್ಲಿ ವಿಚಾರಿಸುವ ಕಂಪ್ಯೂಟರು ಕೆಟ್ಟಿದೆ, ನಾಳೆ ಬಾ ಎಂದಳು. ಫೋನಿನಲ್ಲೂ ವಿಚಾರಿಸಬಹುದಲ್ಲ ಎಂದ ಅವನು. ಪೊಲೀಸಾಗಿದ್ದವನಿಗೆ ಇಂಥ ಸುಳ್ಳು ಹೇಳಿದ ತನ್ನ ದಡ್ಡತನಕ್ಕೆ ಅವಳಿಗೇ ನಾಚಿಕೆಯಾಯಿತು. ಹೋಗಿ ಬಾಗಿಲಿನ ಚಿಲಕ ಹಾಕಿ ಬಂದು, ಪಿಸ್ತೂಲಿನ ಮೇಲೆ ತನ್ನ ಅಂಗೈ ಇಟ್ಟಳು.

"ಡ್ವೇನ್, ನೇರವಾಗಿ ಕೇಳ್ತೀನಿ, ನೇರವಾಗಿ ಹೇಳು. ಸಾಯೋಕೆ ಹೊರಟಿದೀಯಾ?"

ಅವನು ಅವಳ ಮುಖ ನೋಡಿದ. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವನಂತೆ ಅವನ ಹೆಗಲು ಒಮ್ಮೆಲೇ ಇಳಿಬಿತ್ತು.

"ಕೆಲವು ದಿನ ಅನ್ಸಿದೆ. ಸುಳ್ಳು ಹೇಳಲ್ಲ. ಇವತ್ತು ಬಂದಿದ್ದು ಅದಕ್ಕಲ್ಲ."

"ಮತ್ತೆ ತೆರೆದು ನೋಡ್ಲಿಲ್ಲ ಯಾಕೆ?"

ಅವನಿಗೆ ಮೊದಲು ಅವಳ ಪ್ರಶ್ನೆಯೇ ತಿಳಿಯಲಿಲ್ಲ. ತಾನು ನೋಡಲಿಲ್ಲವೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ತಿಳಿದಾಗ ಕಟ್ಟೆಯ ಅಂಚನ್ನು ಹಿಡಿದುಕೊಂಡ.

"ಅವತ್ತು ಟ್ರೆಂಟ್ ಬಿದ್ದ ಮೇಲೆ ಅವನ ಬಂದೂಕನ್ನ ನಾನೇ ತೆರೆದು ನೋಡಿದೆ, ಮಾರ್ಲಿಸ್. ಖಾಲಿ ಇತ್ತು. ಅವತ್ತಿಂದ ಯಾವುದನ್ನ ತೆರೆಯೋಕೂ ಕೈ ಬರಲ್ಲ. ಠಾಣೇಲಿ ಯಾರೂ ನೋಡ್ದಿರೋ ಹಾಗೆ ಹೇಗೋ ತಳ್ಕೊಂಡು ಬಂದೆ."

ಬಂದೂಕು ಖಾಲಿಯಿತ್ತೆಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಅವನ ಮುಂದಾಗಲಿ, ಬರ್ನಿಸ್‌ಳ ಮುಂದಾಗಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಹೇಳದಿರುವುದೇ ದಯೆ ಎಂದು ಎಲ್ಲರೂ ತಿಳಿದಿದ್ದರು. ದಯೆಯೋ ಹೇಡಿತನವೋ, ಒಂಬತ್ತು ವರ್ಷ ಆ ಮನುಷ್ಯ ಅದನ್ನು ಒಬ್ಬನೇ ಹೊತ್ತಿದ್ದನಲ್ಲ ಎಂದು ಮಾರ್ಲಿಸ್‌ಗೆ ಅಳು ಒತ್ತರಿಸಿ ಬಂತು.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಅಂಗೈಯನ್ನು ಪಿಸ್ತೂಲಿನ ಮೇಲಿಂದ ತೆಗೆದಳು. "ಇದೇನಾ ಅವತ್ತಿನ ಪಿಸ್ತೂಲು? ಸರ್ಕಾರದವರು ಇಟ್ಕೊಂಡ್ರು ಅಂತ ಅಂದ್ಕೊಂಡಿದ್ದೆ."

ತನಿಖೆ ಮುಗಿದ ಮೇಲೆ ಅವರು ಅದನ್ನು ಠಾಣೆಗೆ ವಾಪಸು ಕಳಿಸಿದ್ದರಂತೆ. ಡ್ವೇನ್‌ಗೆ ಬೇರೆಯದು ಕೊಟ್ಟು, ಇದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳಿಗೆ ಕೊಟ್ಟರಂತೆ. ಅವಳಿಗೆ ಯಾರೂ ಏನೂ ಹೇಳಲಿಲ್ಲ. ಅವಳ ಸೊಂಟದಲ್ಲಿ ಅದನ್ನು ದಿನಾ ನೋಡುತ್ತಾ ಅವನು ನಿವೃತ್ತಿಯವರೆಗೆ ಕೆಲಸ ಮಾಡಿದ್ದ. ಇದನ್ನೆಲ್ಲ ಅವನು ಹೇಳಿದ್ದು ರೇಡಿಯೊದಲ್ಲಿ ಹವಾಮಾನ ಓದುವವನ ದನಿಯಲ್ಲಿ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

"ಶನಿವಾರ ಬರ್ನಿಸ್ ಫೋನ್ ಮಾಡಿದ್ಲು. ಒಂಬತ್ತು ವರ್ಷದಲ್ಲಿ ಮೊದಲನೇ ಸಲ. ಫೇಸ್‌ಬುಕ್ಕಲ್ಲಿ ನೀನು ಹಾಕಿದ್ದನ್ನ ನೋಡಿದಾಳೆ. 'ಹೊಡೆದದ್ದು ಕಮ್ಮಿ' ಅಂತ ಬರೆದಿದಾರಲ್ಲ, ಆ ಪಿಸ್ತೂಲೂ ಅದರಲ್ಲಿದೆಯಾ ಅಂತ ಕೇಳಿದ್ಲು. ನಂಗೊತ್ತಿಲ್ಲ ಅಂದ್ಬಿಟ್ಟೆ."

ಆ ಮಾತನ್ನು ಟೈಪು ಮಾಡುವಾಗ ಬಾಯಲ್ಲಿ ಚೀಸು ಜಗಿಯುತ್ತಿದ್ದದ್ದು ಮಾರ್ಲಿಸ್‌ಗೆ ನೆನಪಾಯಿತು. ಲಕ್ಷ ಸಲ ಎಲ್ಲರೂ ಆಡಿದ ಮಾತು, ಯಾರನ್ನೂ ಚುಚ್ಚಬೇಕೆಂದು ಬರೆದದ್ದಲ್ಲ. ಹಾಗೆಂದು ಚುಚ್ಚದೆ ಬಿಟ್ಟಿತೇ? ಆ ತಾಯಿ ಅದನ್ನು ಎಷ್ಟು ಸಲ ಓದಿದಳೋ ಎಂದು ನೆನೆದರೆ ಅವಳಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸಿತು.

ನಾಯಿಯನ್ನು ಯಾಕೆ ಕೊಟ್ಟೆ ಎಂದು ಕೇಳಿದಳು. ಆ ಫೋನು ಬಂದಾಗಿನಿಂದ ರಾತ್ರಿ ಕೂಗಿಕೊಂಡು ಏಳುತ್ತಿದ್ದೇನೆ, ಅದು ಹೆದರಿ ಮಂಚದಡಿ ನಡುಗುತ್ತಾ ಮಲಗುತ್ತದೆ, ಪಾಪ ಅನ್ನಿಸಿತು ಎಂದ. ಮನೆಯಲ್ಲಿ ಬೇರೆ ಬಂದೂಕುಗಳಿವೆಯೇ ಎಂದು ಕೇಳಿದಳು. ಎರಡು ಬೇಟೆ ಬಂದೂಕುಗಳಿದ್ದವು, ಅವನ್ನೂ ನಾಯಿಯ ಜೊತೆಗೇ ತಂಗಿಯ ಮನೆಗೆ ಸಾಗಿಸಿದ್ದ. ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನಿಜ ಹೇಳುತ್ತಿದ್ದಾನೆ ಎನ್ನಿಸಿತು. ಆದರೂ ಆ ದಿನ ಅವನನ್ನು ಒಬ್ಬನೇ ಮನೆಗೆ ಕಳಿಸಬಾರದೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

"ಇದನ್ನ ತಗೊಂಡು ಏನ್ ಮಾಡ್ಬೇಕು ಅಂತಿದ್ದೆ?"

"ಕೆರೆಗೆ ಎಸೀತೀನಿ. ಆಳ ಇರೋ ಕಡೆ."

"ದಡ್ಡ ಕಣೋ ನೀನು. ಬೇಸಿಗೆ ಬಂದ್ರೆ ಹಗ್ಗಕ್ಕೆ ಅಯಸ್ಕಾಂತ ಕಟ್ಕೊಂಡು ಎಷ್ಟು ಜನ ಕೆರೆ ತಳ ಜಾಲಾಡ್ತಾರೆ ಗೊತ್ತಿಲ್ವಾ? ಅವರು ಎತ್ತಿ ಠಾಣೆಗೆ ಕೊಡ್ತಾರೆ. ಠಾಣೆಯವರು ತೊಳ್ದು ಮತ್ತೆ ನಂಗೇ ತಂದು ಕೊಡ್ತಾರೆ."

ಅವನ ಬಾಯಿಯ ಮೂಲೆಯಲ್ಲಿ ಏನೋ ಅಲುಗಿತು. ನಗು ಎನ್ನುವಷ್ಟಲ್ಲದಿದ್ದರೂ ಅದರ ದೂರದ ನೆಂಟ ಎನ್ನಬಹುದಿತ್ತು. ಹಾಗಾದರೆ ಏನು ಮಾಡುವುದು ಎಂದು ಕೇಳಿದ. ನಾನು ಇದನ್ನು ನಿನಗೆ ಮಾರುವುದಿಲ್ಲ, ಯಾರಿಗೂ ಮಾರುವುದಿಲ್ಲ, ಹಿಂದಿನ ಕೊಟ್ಟಿಗೆಗೆ ನಡೆ ಎಂದಳು. ಅವನು ಜೇಬಿಗೆ ಕೈಹಾಕಿ ಬೆಲೆಯ ಮಾತೆತ್ತಿದ. ಆ ಕೈಯನ್ನು ಜೇಬಲ್ಲೇ ಇಟ್ಟುಕೊಳ್ಳದಿದ್ದರೆ ಹೊಡೆಯುತ್ತೇನೆ ಎಂದು ಅವಳು ಗದರಿದಳು.

ಕೊಟ್ಟಿಗೆಯಲ್ಲಿ ಅವಳ ಅಪ್ಪನ ಕಾಲದ ಕಬ್ಬಿಣ ಕತ್ತರಿಸುವ ಗ್ಯಾಸ್ ಕಟರ್ ಇತ್ತು. ಅವಳು ಅವನಿಗೊಂದು ಕಪ್ಪು ಕನ್ನಡಕ ಕೊಟ್ಟು, ತಾನೊಂದು ಹಾಕಿಕೊಂಡು, ಪಿಸ್ತೂಲನ್ನು ಇಕ್ಕಳಕ್ಕೆ ಸಿಕ್ಕಿಸಿದಳು. ಬೇಕಾದರೆ ಹೊರಗೆ ನಿಲ್ಲು ಎಂದರೂ ಅವನು ಹೋಗಲಿಲ್ಲ. ನೀಲಿ ಉರಿ ತಾಕಿದಂತೆ ಹಿಡಿಕೆಯ ಪ್ಲಾಸ್ಟಿಕ್ಕು ಸುಟ್ಟು ಕೆಟ್ಟ ನಾತ ಎದ್ದಿತು. ಬಣ್ಣ ಸವೆದ ಉಕ್ಕು ಕೆಂಪಾಗಿ, ಬೆಳ್ಳಗಾಗಿ, ಹನಿಹನಿಯಾಗಿ ನೆಲದ ಮರಳಿಗೆ ಬಿತ್ತು. ನಂಬರಿದ್ದ ಜಾಗವನ್ನು ಅವಳು ಕೊನೆಗೆ ಕತ್ತರಿಸಿದಳು. ಸರ್ಕಾರಕ್ಕೆ ತಿಳಿಸುವುದೇನಿದ್ದರೂ ತನ್ನ ಕೆಲಸ, ಇದರ ಗೊಡವೆ ಇನ್ನು ನಿನಗಿಲ್ಲ ಎಂದು ಅವನಿಗೆ ಹೇಳಿದಳು. ಕೆಮ್ಮು ತಡೆಯಲಾಗದೆ ಇಬ್ಬರೂ ಬಾಗಿಲು ತೆರೆದು ಹೊರಗೆ ನಿಂತು ತಣ್ಣನೆ ಗಾಳಿ ಕುಡಿದರು.

ಮತ್ತೆ ಒಳಗೆ ಬಂದಾಗ ಡ್ವೇನ್ ತಾನಾಗಿಯೇ ಗೋಡೆಯ ಫೋನಿನ ಹತ್ತಿರ ಹೋಗಿ ನಿಂತ. ಬೆರಳು ನಂಬರುಗಳ ಮೇಲೆ ಎರಡು ಸಲ ತಪ್ಪಿತು. ಮೂರನೇ ಸಲ ಆ ಕಡೆ ಎತ್ತಿದರು.

"ಬರ್ನಿಸ್, ಡ್ವೇನ್ ಮಾತಾಡ್ತಿರೋದು. ಶನಿವಾರ ನಿಂಗೆ ಸುಳ್ಳು ಹೇಳಿದೆ. ಅದು ಇಲ್ಲೇ ಇತ್ತು. ಈಗ ಇಲ್ಲ. ಯಾರ ಕೈಗೂ ಹೋಗಲ್ಲ ಇನ್ನು." ಆಮೇಲೆ, "ಟ್ರೆಂಟ್..." ಎಂದ. ಆ ಹೆಸರಿನ ಮುಂದೆ ಏನು ಹೇಳಬೇಕೆಂದಿದ್ದನೋ, ಅದು ಬರಲಿಲ್ಲ. ಫೋನನ್ನು ಮಾರ್ಲಿಸ್‌ಳ ಕೈಗೆ ಕೊಟ್ಟು ಗೋಡೆಗೆ ಬೆನ್ನು ಹಚ್ಚಿ ಹಾಗೇ ಜಾರಿ ನೆಲದ ಮೇಲೆ ಕೂತ. ಅಷ್ಟು ದೊಡ್ಡ ಆಳು ಮೊಣಕಾಲಿಗೆ ಮುಖ ಒತ್ತಿಕೊಂಡು ಅಳತೊಡಗಿದ.

ನೀನು ಕಣ್ಣಾರೆ ನೋಡಿದೆಯಾ ಎಂದು ಬರ್ನಿಸ್ ಕೇಳಿದಳು. ನಾನೇ ಕತ್ತರಿಸಿದೆ ಎಂದು ಹೇಳಿ ಮಾರ್ಲಿಸ್, ತಾನು ಬರೆದ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದಳು. ಬರ್ನಿಸ್ ಅದಕ್ಕೆ ಎಡೆಗೊಡಲಿಲ್ಲ.

"ಅದು ಅವನು ಅಳ್ತಿರೋದಾ?"

"ಹೂಂ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದಾಯಿತು.

"ಅವತ್ತು ಟ್ರೆಂಟ್‌ನನ್ನ ಮನೇಲಿ ಒಬ್ಬನೇ ಬಿಟ್ಟು ನಾನು ಕೆಲ್ಸಕ್ಕೆ ಹೋಗಿದ್ದೆ, ಮಾರ್ಲಿಸ್. ಇವನನ್ನ ಒಬ್ಬನೇ ಬಿಡ್ಬೇಡ. ನಾನು ಬರ್ತಿದೀನಿ."

ಮಾರ್ಲಿಸ್ ಫೋನಿಟ್ಟು, ಬಾಗಿಲಿನ ಚಿಲಕ ತೆಗೆದು ಬಂದು, ಡ್ವೇನ್‌ನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಅವಳಿಗೆ ಮಂಡಿನೋವು. ಮತ್ತೆ ಏಳಬೇಕೆಂದರೆ ಬರ್ನಿಸ್ ಬಂದು ಇಬ್ಬರನ್ನೂ ಎಬ್ಬಿಸಬೇಕಿತ್ತು.