ಇಬ್ಬರಿಗೂ ಒಂದೇ ತೋಟಾ

ಅಟ್ಟದ ಏಣಿ ಹತ್ತುವಾಗ ಕೊನೆಯ ಮೆಟ್ಟಿಲಲ್ಲಿ ತಲೆ ತಗ್ಗಿಸಬೇಕೆಂಬುದು ತ್ಯಾಗರಾಜನಿಗೆ ಮರೆತೇ ಹೋಗಿತ್ತು. ತೊಲೆ ಹಣೆಗೆ ಠಣ್ಣನೆ ಬಡಿಯಿತು. ಹತ್ತೊಂಬತ್ತು ವರ್ಷ ವಾರವಾರವೂ ಹತ್ತಿದ ಏಣಿ. ಹೋದ ಒಂದು ವರ್ಷ ಈ ಕಡೆ ತಲೆ ಹಾಕಲಿಲ್ಲವೆಂದು ತೊಲೆಯೂ ಮುನಿಸಿಕೊಂಡಿರಬೇಕು ಎಂದುಕೊಂಡು ಹಣೆ ಉಜ್ಜಿಕೊಳ್ಳುತ್ತ ಅಟ್ಟದೊಳಗೆ ಕಾಲಿಟ್ಟ.

ಕೆಳಗೆ ಹಾಲ್‌ನಲ್ಲಿ ಆ ಮನೆಯ ಯಜಮಾನ, ಅವನ ಗೆಳೆಯ ಹಾಲಪ್ಪ ಶವಪೆಟ್ಟಿಗೆಯಲ್ಲಿ ಮಲಗಿದ್ದ, ಹಣೆ ತುಂಬ ವಿಭೂತಿ. ಹೋದ ಗುರುವಾರ ತರಕಾರಿ ತರುತ್ತೇನೆಂದು ಹೊರಟವನು ನೆದರ್ಲೆಂಡ್ಸಿನ ದ ಹೇಗ್‌ನ ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ಕೂತ. ಟ್ರಾಮ್ ಬಂತು, ಹೋಯಿತು, ಅವನು ಏಳಲಿಲ್ಲ. ಹೃದಯ ನಿಂತು ಹೋಗಿತ್ತು. ಇವತ್ತು ಮಧ್ಯಾಹ್ನ ಮಣ್ಣು. ರಾಣೆಬೆನ್ನೂರಿನ ಲಿಂಗಾಯತರ ಮನೆಯವನು, ಸುಡುವ ಹಾಗಿಲ್ಲ. ಊರಲ್ಲಾಗಿದ್ದರೆ ಕೂರಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿ ಮಲಗಿಸಿಯೇ ಒಯ್ಯಬೇಕೆಂದು ಅಂತ್ಯಕ್ರಿಯೆ ಕಂಪನಿಯ ಹೆಂಗಸು ಮೆಲ್ಲಗೆ ಹೇಳಿದ್ದಳು. ಅವನ ಹೆಂಡತಿ ಉಷಾ ಸಾವಿಗೆ ಅತ್ತದ್ದಕ್ಕಿಂತ ಅದಕ್ಕೇ ಹೆಚ್ಚು ಅತ್ತಳಂತೆ.

ತ್ಯಾಗರಾಜನನ್ನು ಕರೆಸಿದ್ದು ಅಳುವುದಕ್ಕಲ್ಲ, ಕೋವಿಗೆ. ಎಲ್ಲರೂ ಸ್ಮಶಾನಕ್ಕೆ ಹೋದಮೇಲೆ ಖಾಲಿ ಮನೆಯಲ್ಲಿ ಕೋವಿ, ಮದ್ದು ಇರಬಾರದೆಂದು ಪೊಲೀಸರು ಹೇಳಿದ್ದರು. ಹಾಲಪ್ಪನ ಲೈಸೆನ್ಸು ಹಾಲಪ್ಪನ ಜೊತೆಗೇ ತೀರಿಕೊಂಡಿತ್ತು. ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಅವರೊಡನೆ ಮಾತಾಡಿ, ತ್ಯಾಗರಾಜ ಒಯ್ದು ಕ್ಲಬ್ಬಿನ ಬೀರುವಿಗೆ ಹಾಕಲಿ ಎಂದು ಒಪ್ಪಿಸಿದ್ದ. ಆಮೇಲೆ ಹಾಲಪ್ಪನ ಮಗಳು ಸಮೀಕ್ಷಾ ಫೋನ್ ಮಾಡಿದಳು. "ಅಂಕಲ್, ನೀವೇ ಬರ್ಬೇಕು. ಪಪ್ಪಂಗೆ ನಿಮ್ಮನ್ನ ಬಿಟ್ರೆ ಯಾರಿದ್ರು ಆ ಕ್ಲಬ್ಬಲ್ಲಿ?" ಮಾತು ಬಿಟ್ಟು ವರ್ಷವಾಯಿತಮ್ಮಾ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಬರ್ತೀನಿ ಪುಟ್ಟಾ ಅಂದ.

ಬೀರು ತೆರೆದು ಹಾಲಪ್ಪನ ರೈಫಲ್ಲನ್ನು ಚೀಲಕ್ಕೆ ಇಳಿಸಿದ. ತೋಟಾ ತುಂಬುವ ಮೇಜು ಮೊದಲಿನ ಹಾಗೆಯೇ ಇತ್ತು. ಉದ್ದ ಹಿಡಿಕೆಯ ಪ್ರೆಸ್ಸು, ಅಕ್ಕಸಾಲಿಯ ತಕ್ಕಡಿಯಂಥ ಪುಟ್ಟ ತಕ್ಕಡಿ, ಹಿತ್ತಾಳೆ ಕೊಳವೆಗಳ ತಟ್ಟೆ. ಹೊಸ ಮದ್ದಿನ ಡಬ್ಬಿಯ ಸೀಲನ್ನೇ ಒಡೆದಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ತುಂಬಿಟ್ಟ ತೋಟಾಗಳ ಪ್ಲಾಸ್ಟಿಕ್ ಡಬ್ಬಿಗಳು ಒಂದರ ಮೇಲೊಂದು ಸೂರಿನವರೆಗೆ ಏರಿದ್ದವು. ಎಲ್ಲದರ ಮೇಲೂ ಹಾಲಪ್ಪನ ದುಂಡು ಅಕ್ಷರದಲ್ಲಿ ಒಂದೇ ಮಾತು: 'ಇಬ್ಬರಿಗೂ'.

ತ್ಯಾಗರಾಜ ಆ ಅಕ್ಷರಗಳ ಮೇಲೆ ಬೆರಳಾಡಿಸಿದ. ಸಿಟ್ಟು ಮಾಡಿಕೊಂಡವನು ವರ್ಷವಿಡೀ ಕೂತು ತನಗೂ ತುಂಬಿಟ್ಟಿದ್ದಾನೆ! ಒಂದು ಡಬ್ಬಿ ತೆರೆದು ತೋಟಾ ಎತ್ತಿಕೊಂಡ. ಕೈಗೆ ಏನೋ ಹಗುರ ಅನ್ನಿಸಿತು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಮದ್ದು ಒಳಗೆ ಸಣ್ಣಗೆ ಸರಸರ ಅನ್ನಬೇಕು, ಅನ್ನಲಿಲ್ಲ. ತಿರುಗಿಸಿ ನೋಡಿದರೆ ತಳದಲ್ಲಿ ಕಿಡಿ ಹಾರಿಸುವ ಕ್ಯಾಪೂ ಇಲ್ಲ, ಬರೀ ತೂತು. ಖಾಲಿ ಕೊಳವೆಯ ಬಾಯಿಗೆ ಗುಂಡು ಒತ್ತಿಟ್ಟಿದ್ದಾನೆ, ಅಷ್ಟೇ. ಇನ್ನೊಂದು ನೋಡಿದ, ಮತ್ತೊಂದು ಡಬ್ಬಿ ತೆರೆದ. ಎಲ್ಲವೂ ಖಾಲಿ.

ಊಟಕ್ಕೆ ಕರೆದು ಬರೀ ಎಲೆ ಹಾಕಿ ಕೂರಿಸಿದ ಹಾಗಾಯಿತು ಅವನಿಗೆ. ಸತ್ತಮೇಲೂ ಹೀಗೆ ಹಂಗಿಸುವಷ್ಟು ನಾನೇನು ಮಾಡಿದ್ದೆ ಮಾರಾಯ ಎಂದು ಗೋಡೆಗೆ ಕೇಳಿದ. ಎಲ್ಲವನ್ನೂ ಕಾರಿಗೆ ತುಂಬಿ ಕ್ಲಬ್ಬಿಗೆ ಮುಟ್ಟಿಸಿ ಬಂದ. ದಾರಿಯಲ್ಲಿ ಕಣ್ಣು ಎರಡು ಸಲ ಮಂಜಾಯಿತು. ಸಿಟ್ಟಿಗೋ ದುಃಖಕ್ಕೋ ಅವನಿಗೇ ಗೊತ್ತಿಲ್ಲ.

*

ಹಾಲಪ್ಪ ವಿಮಾ ಕಂಪನಿಯೊಂದರ ಕಂಪ್ಯೂಟರ್ ವಿಭಾಗದವನು, ಮೈಸೂರಿನ ತ್ಯಾಗರಾಜ ನೂರ್ಡ್‌ವೈಕ್‌ನ ಬಾಹ್ಯಾಕಾಶ ಕೇಂದ್ರದವನು. ಇಪ್ಪತ್ತು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಅಕ್ಕಪಕ್ಕ ಕೂತವರಿಗೆ ಇಬ್ಬರಿಗೂ ಗುರಿ ಹೊಡೆಯುವ ಹುಚ್ಚಿದೆಯೆಂದು ಒಬ್ಬಟ್ಟು ಮುಗಿಯುವ ಹೊತ್ತಿಗೆ ಗೊತ್ತಾಯಿತು. ಹಾಲಪ್ಪ ಈರುಳ್ಳಿ ಹೆಚ್ಚುವಾಗಲೂ ಕಣ್ಣು ಮುಚ್ಚುವ ಸಾಧು. ಹೊಡೆದದ್ದು ಕಾಗದ ಮಾತ್ರ, ಜೀವಮಾನದಲ್ಲಿ ಒಂದು ಗುಬ್ಬಿಗೂ ಕೋವಿ ಎತ್ತಿದವನಲ್ಲ.

ಹಾಲಪ್ಪನದು ರೈಫಲ್ಲು, ತ್ಯಾಗರಾಜನದು ಮೊಳಕೈ ಉದ್ದದ ರಿವಾಲ್ವರು. ಎರಡಕ್ಕೂ ಹೋಗುವುದು ಕಿರುಬೆರಳು ದಪ್ಪದ ಅದೇ ತೋಟಾ. ಹೋಗುತ್ತದೆ ನಿಜ, ಒಗ್ಗಬೇಕಲ್ಲ. ರೈಫಲ್ಲಿನ ಉದ್ದ ನಳಿಗೆಗೆ ಹಿತವಾದ ಮದ್ದು ರಿವಾಲ್ವರಿಗೆ ಒರಟು, ರಿವಾಲ್ವರಿಗೆ ಹಿತವಾದದ್ದು ರೈಫಲ್ಲಿಗೆ ಸಪ್ಪೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದೇ ಅಡುಗೆ ಎರಡು ನಾಲಿಗೆಗೂ ರುಚಿಸುವ ಹಾಗೆ ಮಾಡುತ್ತೇನೆ ನೋಡ್ರಿ ಎಂದು ಹಾಲಪ್ಪ ಹಟ ಹಿಡಿದ. ಕಡಿಮೆ ಮದ್ದಿನಿಂದ ಶುರುಮಾಡುವುದು, ಕೂದಲೆಳೆಯಷ್ಟು ಏರಿಸುವುದು, ಗುರುವಾರ ಸಂಜೆ ಕ್ಲಬ್ಬಿನಲ್ಲಿ ಇಬ್ಬರೂ ಹಾರಿಸಿ ಕಾಗದದ ತೂತುಗಳು ಎಷ್ಟು ಹತ್ತಿರ ಬಿದ್ದಿವೆ ನೋಡುವುದು, ಬಿದ್ದ ಕೊಳವೆ ಉಬ್ಬಿದೆಯೇ ಎಂದು ಬೆರಳಾಡಿಸಿ ಪರೀಕ್ಷಿಸುವುದು, ಮತ್ತೆ ಅಟ್ಟ ಹತ್ತುವುದು. ಇದೇ ಒಂದು ಚಳಿಗಾಲ ಪೂರ್ತಿ ನಡೆಯಿತು. ತ್ಯಾಗರಾಜನ ಹೆಂಡತಿ ಮೈಥಿಲಿ, ನಮ್ಮ ಮದುವೆಗೂ ನೀವು ಇಷ್ಟು ಜಾತಕ ನೋಡಲಿಲ್ಲ ಎಂದು ಛೇಡಿಸುತ್ತಿದ್ದಳು. ಕೊನೆಗೊಂದು ಸಂಜೆ ಎರಡು ಕಾಗದದಲ್ಲೂ ತೂತುಗಳು ಒಂದರ ಮೈಮೇಲೊಂದು ಬಿದ್ದವು. ಅವತ್ತು ಹಾಲಪ್ಪ ಡಬ್ಬಿಯ ಮೇಲೆ 'ಇಬ್ಬರಿಗೂ' ಎಂದು ಬರೆದ.

ಒಬ್ಬ ತುಂಬಿದ ತೋಟಾ ಇನ್ನೊಬ್ಬ ಹಾರಿಸಬಾರದು. ಮನೆಯಲ್ಲಿ ತುಂಬುವವರಲ್ಲಿ ಅದು ಕಟ್ಟುನಿಟ್ಟು. ತುಂಬಿದವನ ಕೈ ಒಂದು ಸಲ ತಪ್ಪಿದರೆ ಹಾರಿಸಿದವನ ಬೆರಳು, ಕಣ್ಣು ಹೋದವು. ಅಣ್ಣತಮ್ಮಂದಿರೂ ಮುಟ್ಟುವುದಿಲ್ಲ. ಆ ಕ್ಲಬ್ಬಿನಲ್ಲಿ ಈ ನಿಯಮ ಮುರಿದವರು ಇವರಿಬ್ಬರೇ. ಹಾಲಪ್ಪ ಕೊಡುತ್ತಿದ್ದ, ತ್ಯಾಗರಾಜ ತಿರುಗಿಸಿಯೂ ನೋಡದೆ ತುರುಕಿಕೊಂಡು ಹಾರಿಸುತ್ತಿದ್ದ.

ಹೋದ ವರ್ಷ ಇದೇ ದಿನಗಳಲ್ಲಿ ಒಂದು ಗುರುವಾರ ತ್ಯಾಗರಾಜ ರಿವಾಲ್ವರಿನ ಕುದುರೆ ಎಳೆದಾಗ ಢಂ ಅನ್ನಬೇಕಾದದ್ದು ಟಪ್ ಎಂದಿತು. ಕೈ ಹಿಂದಕ್ಕೆ ಒದೆಯಲಿಲ್ಲ, ಕಾಗದದಲ್ಲಿ ತೂತಿಲ್ಲ. ಪುಣ್ಯಕ್ಕೆ ಮತ್ತೆ ಎಳೆಯದೆ ಕೈ ತಡೆದ. ನೋಡಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿದೆ. ತೋಟಾದಲ್ಲಿ ಮದ್ದೇ ಇರಲಿಲ್ಲ, ಕ್ಯಾಪಿನ ಕಿಡಿಯೊಂದೇ ಅದನ್ನು ಅಷ್ಟು ದೂರ ನೂಕಿತ್ತು. ಗಮನಿಸದೆ ಮುಂದಿನದನ್ನು ಹಾರಿಸಿದ್ದರೆ ರಿವಾಲ್ವರ್ ಮುಖದ ಮುಂದೆಯೇ ಸಿಡಿಯುತ್ತಿತ್ತು.

"ಏನ್ ಹಾಲಪ್ನೋರೇ, ಸಾರಿಗೆ ಉಪ್ಪು ಹಾಕೋದೇ ಮರ್ತ್ರಲ್ಲಾ" ಎಂದು ತ್ಯಾಗರಾಜ ನಕ್ಕ.

ಹಾಲಪ್ಪ ನಗಲಿಲ್ಲ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೇಜಿನ ಮೇಲಿದ್ದ ಡಬ್ಬಿಗಳನ್ನು ಬಾಚಿ ಚೀಲಕ್ಕೆ ಹಾಕಿಕೊಂಡು ಕಾಫಿಗೂ ನಿಲ್ಲದೆ ಹೊರಟ. ಮುಂದಿನ ಗುರುವಾರ ಬರಲಿಲ್ಲ. ಭಾನುವಾರ ಬೆಳಿಗ್ಗೆ ಬಂದು ಅಂಗಡಿಯ ತೋಟಾ ಹಾರಿಸಿ ಹೋದನೆಂದು ಕಾರ್ಯದರ್ಶಿ ಹೇಳಿದ. ಫೋನ್ ಮಾಡಿದರೆ ಹ್ಞಾಂ, ಹ್ಞೂಂ. ದೀಪಾವಳಿಗೆ ಕರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮೈಥಿಲಿ ಗಂಡನಿಗೇ ಬೈದಳು. ಕೈಕೆಲಸದ ಮನುಷ್ಯನನ್ನು ಅವನ ಕೈಕೆಲಸದ ಬಗ್ಗೆಯೇ ಆಡಿಕೊಂಡರೆ ತಾಳುತ್ತಾನೆಯೇ? ತ್ಯಾಗರಾಜನಿಗೂ ಬಿಗುಮಾನ. ಒಂದು ತಮಾಷೆಗೆ ಇಷ್ಟು ಉರಿದುಕೊಳ್ಳುವವನ ಹತ್ತಿರ ನಾನೇ ಯಾಕೆ ತಗ್ಗಿ ಹೋಗಬೇಕು ಎಂದು ಬಿಟ್ಟ. ನಾಳೆ ನಾಡಿದ್ದು ಅನ್ನುತ್ತಿರುವಾಗಲೇ ಟ್ರಾಮ್ ಸ್ಟಾಪಿನ ಸುದ್ದಿ ಬಂತು.

*

ಸ್ಮಶಾನದಲ್ಲಿ ಕಡಲ ಗಾಳಿ ಬೀಸುತ್ತಿತ್ತು. ಅಗೆದ ಮಣ್ಣು ಮಣ್ಣಲ್ಲ, ನುಣ್ಣನೆಯ ಮರಳು. ಕಾರಿನಿಂದ ಗುಂಡಿಯವರೆಗೆ ಪೆಟ್ಟಿಗೆ ಹೊತ್ತು, ಹಗ್ಗದಿಂದ ತಾವೇ ಇಳಿಸುತ್ತೇವೆಂದು ಸಮೀಕ್ಷಾ ಮೊದಲೇ ಹೇಳಿದ್ದಳು. ಸಂಘದ ನಾರಾಯಣಸ್ವಾಮಿ ಮದುವೆಯಾಗಲಿ ಮಸಣವಾಗಲಿ ಮುಂದೆ ನಿಂತು ನಡೆಸುವ ಜೀವ. ಹೊರುವವರನ್ನು ಅವರೇ ಆರಿಸುತ್ತಿದ್ದರು.

"ಐದ್ ಜನ ಆದ್ರು. ತ್ಯಾಗರಾಜ್, ಬನ್ನಿ, ತಲೆ ಕಡೆ ನೀವ್ ಹಿಡೀರಿ."

"ನಾನ್ ಬೇಡ ಸ್ವಾಮಿ. ಬೇರೆ ಯಾರನ್ನಾದ್ರೂ ಕರೀರಿ."

ಬೆನ್ನು ನೋವೇ ಎಂದು ನಾರಾಯಣಸ್ವಾಮಿ ಕೇಳಿದರು.

"ಬೆನ್ನಲ್ಲ. ಹಾಲಪ್ನೋರಿಗೆ ಇಷ್ಟ ಆಗಲ್ಲ."

ಮೆಲ್ಲಗೇ ಹೇಳಿದ್ದ. ಆದರೆ ಬಿಲ್ವಪತ್ರೆಯ ತಟ್ಟೆ ಹಿಡಿದು ಹತ್ತಿರವೇ ನಿಂತಿದ್ದ ಉಷಾಗೆ ಕೇಳಿಸಿತು. ತಟ್ಟೆಯನ್ನು ಮಗಳ ಕೈಗಿತ್ತು ಬಂದವಳು ಅವನನ್ನು ಮರಳ ಗುಡ್ಡೆಯ ಆ ಬದಿಗೆ ಕರೆದೊಯ್ದಳು.

"ಅಣ್ಣಾರ, ಅಟ್ಟದಾಗಿನ ಡಬ್ಬಿ ತಗದು ನೋಡಿದ್ರೇನು?"

"ನೋಡ್ದೆ. ಎಲ್ಲಾ ಖಾಲಿ." ಅದುಮಿಟ್ಟುಕೊಂಡಿದ್ದದ್ದು ಬಾಯಿಗೆ ಬಂದೇ ಬಂತು. "ಕೊಡಕ್ಕೆ ಮನಸ್ಸಿಲ್ದಿದ್ರೆ ಬಿಡ್ಬೇಕಿತ್ತು. ಖಾಲಿ ಮಾಡಿ ಮೇಲೆ ಇಬ್ಬರಿಗೂ ಅಂತ ಬರ್ದಿಡೋದು ಯಾಕೆ? ನಂದು ತಪ್ಪಾಯ್ತು, ನಕ್ಬಿಟ್ಟೆ. ಅಷ್ಟಕ್ಕೆ ಇಷ್ಟಾ?"

ಉಷಾ ಅವನ ಮುಖವನ್ನೇ ನೋಡಿದಳು. ಅಯ್ಯ, ನೀವು ಹಂಗ ತಿಳಕೊಂಡ್ರೇನು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೇಳಬಾರದೆಂದು ಅವರು ತನ್ನಿಂದ ಆಣೆ ಹಾಕಿಸಿಕೊಂಡಿದ್ದರು, ಇನ್ನು ಆ ಆಣೆ ಕಾಯ್ದು ಯಾರನ್ನು ಉಳಿಸಬೇಕಾಗಿದೆ ಎಂದಳು.

*

ಹೋದ ವರ್ಷದ ಆ ಗುರುವಾರ ರಾತ್ರಿ ಹಾಲಪ್ಪ ಊಟ ಮಾಡಲಿಲ್ಲವಂತೆ. ಅದಕ್ಕೂ ಮುಂಚಿನಿಂದಲೇ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತಿದ್ದ. ಹೆಂಡತಿಯ ತಂಗಿಯ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ವಯಸ್ಸು ಎಂದು ಇಬ್ಬರೂ ನಕ್ಕು ಸುಮ್ಮನಾಗಿದ್ದರು. ಟಪ್ ಎಂದ ತೋಟಾ ಆ ನಗುವನ್ನು ನಿಲ್ಲಿಸಿತು. ತಾನಾಗಿಯೇ ಡಾಕ್ಟರ ಬಳಿ ಹೋದ. ಮರೆವಿನ ಕಾಯಿಲೆ, ಇದು ಮೊದಲ ಮೆಟ್ಟಿಲು ಎಂದರು. ಬೆನ್ನುನೋವಿನ ನೆಪ ಹೇಳಿ ಕೆಲಸ ಬಿಟ್ಟ. ಮಗಳಿಗೂ ಹೇಳಲಿಲ್ಲ.

ಅಟ್ಟ ಹತ್ತುವುದನ್ನು ಮಾತ್ರ ಬಿಡಲಾಗಲಿಲ್ಲ. ಮೊದಮೊದಲು ಮದ್ದು ತುಂಬುತ್ತಿದ್ದ. ತುಂಬಿದೆನೋ, ಎರಡು ಸಲ ತುಂಬಿದೆನೋ ಎಂಬ ಅನುಮಾನಕ್ಕೆ ಮತ್ತೆ ಸುರಿದು ತೂಗುತ್ತಿದ್ದ. ತೂಗಿದೆನೋ ಎಂಬ ಅನುಮಾನ ಮತ್ತೆ ಹಿಡಿಯುತ್ತಿತ್ತು. ಒಂದು ದಿನ ಬೆವರಿನಲ್ಲಿ ತೊಯ್ದು ಕೆಳಗಿಳಿದವನು ಇನ್ನು ಮದ್ದೂ ಬೇಡ ಕ್ಯಾಪೂ ಬೇಡ ಎಂದ. ಆಮೇಲೆ ಪ್ರತಿ ಭಾನುವಾರ ಬರೀ ಕೊಳವೆಗೆ ಗುಂಡು ಒತ್ತುತ್ತ ಕೂರುತ್ತಿದ್ದ. ಡಬ್ಬಿ ತುಂಬಿದರೆ ಮೊದಲಿನ ಹಾಗೆಯೇ ಮೇಲೆ 'ಇಬ್ಬರಿಗೂ' ಎಂದು ಬರೆದಿಡುತ್ತಿದ್ದ. ಕೈಗೆ ರೂಢಿಯಾದ ಕೆಲಸ, ಕೈ ಸುಮ್ಮನಿರಬೇಕಲ್ಲ.

ಉಷಾ ರೊಟ್ಟಿ ಬಡಿಯುತ್ತ, ತ್ಯಾಗಣ್ಣಾರಿಗೆ ಒಂದು ಮಾತು ಹೇಳಿಬಿಡಬಾರದೇ, ಅವರು ಪಾಪ ಫೋನ್ ಮಾಡುತ್ತಾರೆ ಎಂದಿದ್ದಳು. ಹಾಲಪ್ಪ ಒಲೆಯ ಪಕ್ಕ ಬಂದು ನಿಂತ.

"ಹೇಳಿದ್ರ ಏನಂತಾನ ಗೊತ್ತೈತೇನು? ಅದೇನ್ ಮಹಾ ಕೊಡ್ರಿ ಅಂತ ಇಸ್ಕೊಂಡು ಹಾರಿಸ್ತಾನ. ಇಷ್ಟು ವರ್ಷ ನಾ ಕೊಟ್ಟಿದ್ದನ್ನ ಹೊಳ್ಳಿ ಸುದ್ದಾ ನೋಡಿಲ್ಲ. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗೇತಿ, ಅವಂಗ ಹೋಗಂಗಿಲ್ಲ. ಸಿಟ್ಟಿನ ಮ್ಯಾಲೇ ದೂರ ಇರಲಿ ಬಿಡು. ಅವನ ಕಣ್ಣರ ಉಳೀತಾವ."

*

ಮರಳ ಗುಡ್ಡೆಯ ಪಕ್ಕ ತ್ಯಾಗರಾಜ ಪೆಟ್ಟಿಗೆಯ ಕಡೆ ತಿರುಗಿದ. ಅಳಬೇಕೆಂದು ಅಳಲಿಲ್ಲ, ಕಣ್ಣೀರು ತಾನಾಗಿ ಗಡ್ಡಕ್ಕಿಳಿಯಿತು. ಹಾಲಪ್ಪ ಹೇಳಿದ್ದು ಸುಳ್ಳಲ್ಲ. ಗೊತ್ತಾಗಿದ್ದರೆ ತಾನು ಕೊಡ್ರಿ ಎಂದೇ ಅನ್ನುತ್ತಿದ್ದ, ಸ್ನೇಹಿತನ ಮನಸ್ಸು ನೋಯಬಾರದೆಂದು ಎಲ್ಲರೆದುರು ಹಾರಿಸಿಯೂ ತೋರಿಸುತ್ತಿದ್ದ. ತನ್ನನ್ನು ತನಗಿಂತ ಚೆನ್ನಾಗಿ ಬಲ್ಲವನು ಒಬ್ಬನಿದ್ದ.

"ಒಂದ್ ಸಲ ಬಂದಿದ್ರೆ..." ಎಂದ.

"ನೀವು ಬರೂ ದಾರೀನ ನೋಡ್ತಿದ್ರು, ಬರಬಾರದು ಅಂತನೂ ಅಂತಿದ್ರು" ಎಂದಳು ಉಷಾ. "ಹೋಗ್ರಿ, ಈಗರ ಹಿಡೀರಿ."

ನಾರಾಯಣಸ್ವಾಮಿ ಆರನೆಯವನಾಗಿ ಆಗಲೇ ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡಿದ್ದರು. ತ್ಯಾಗರಾಜ ಹೋಗಿ ಆ ಹುಡುಗನ ಭುಜ ಮುಟ್ಟಿದ. ಹುಡುಗ ಜಾಗ ಬಿಟ್ಟುಕೊಟ್ಟ. ಆರು ಜನರಲ್ಲಿ ತ್ಯಾಗರಾಜನೇ ಗಿಡ್ಡ. ಅವನ ಹೆಗಲಿಗೆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ, ಎರಡೂ ಕೈ ಮೇಲೆತ್ತಿ ಅಂಗೈಯಲ್ಲಿ ತಡೆದು ನಡೆಯಬೇಕಾಯಿತು. ನಿಧಾನ, ನಿಧಾನ ಎಂದು ನಾರಾಯಣಸ್ವಾಮಿ ಹಿಂದಿನಿಂದ ಹೇಳುತ್ತಲೇ ಇದ್ದರು. ಗುಂಡಿಯ ಮೇಲಿನ ಹಲಗೆಗೆ ಪೆಟ್ಟಿಗೆ ಇಳಿಸಿದಾಗ ಉಷಾ ಬಿಲ್ವಪತ್ರೆ ಹಾಕಿದಳು. ಸಮೀಕ್ಷಾ ಗಾಳಿಗೆ ಹಾರದಂತೆ ಅಂಗೈ ಮುಚ್ಚಿ ವಿಭೂತಿ ಉದುರಿಸಿದಳು. ರಾಣೆಬೆನ್ನೂರಿನ ಸ್ವಾಮಿಗಳು ಫೋನಿನಲ್ಲಿ ಮಂತ್ರ ಹೇಳಿದರು, ಅರ್ಧ ಗಾಳಿಗೆ ಹೋಯಿತು.

ಹಲಗೆ ತೆಗೆದರು. ಆರು ಜನ ಆರು ಹಗ್ಗದ ತುದಿ ಹಿಡಿದು ಗೇಣುಗೇಣಾಗಿ ಬಿಟ್ಟರು. ಪೆಟ್ಟಿಗೆ ನೆಲ ಮುಟ್ಟಿದ್ದು ಎಲ್ಲರ ಕೈಗೂ ಒಟ್ಟಿಗೆ ತಿಳಿಯಿತು. ಕಂಪನಿಯ ಹೆಂಗಸು ಇನ್ನು ಬಿಡಬಹುದು ಎಂದಳು. ಐದು ತುದಿಗಳು ಮರಳಿನ ಮೇಲೆ ಬಿದ್ದವು. ಜನ ಒಬ್ಬೊಬ್ಬರಾಗಿ ಬಂದು ಹಿಡಿ ಮರಳು ಹಾಕಿ ಕಾಫಿಯ ಕೋಣೆಯ ಕಡೆ ಸರಿಯತೊಡಗಿದರು. ತ್ಯಾಗರಾಜ ಮಾತ್ರ ಜೋಲುಬಿದ್ದ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು, ಕೆಳಗೆ ಇನ್ನೂ ಭಾರ ಇದೆ ಎಂಬಂತೆ ಕಾಲೂರಿ ಹಿಂದಕ್ಕೆ ವಾಲಿ ನಿಂತಿದ್ದ.