ಮಡಿಲ ಕೂಸಿಗೆ ಟಿಕೆಟ್ ಇಲ್ಲ

ಊರಿಗೆಲ್ಲ ಅವರು ಕಂಡಕ್ಟರ್ ಮಾವ, ಅವರ ಹೆಂಡತಿ ಅತ್ತೆ. ಮೂವತ್ನಾಲ್ಕು ವರ್ಷ ಬಸ್ಸಿನಲ್ಲಿ ತಲೆ ಎಣಿಸಿ ನಿವೃತ್ತರಾದವರು ಮಾವ. ಎಷ್ಟೇ ಕಿಕ್ಕಿರಿದಿರಲಿ, ಹಿಂದಿನ ಬಾಗಿಲಿಂದ ಮುಂದಕ್ಕೆ ಒಮ್ಮೆ ಕಣ್ಣು ಹಾಯಿಸಿದರೆ ಇಷ್ಟು ಜನ ಅಂತ ಹೇಳಿಬಿಡುತ್ತಿದ್ದರು. ಒಂದು ದಿನವೂ ಒಂದು ತಲೆ ಹೆಚ್ಚುಕಮ್ಮಿ ಆದದ್ದಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಮಾವನೇ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಹಾಗಾಗಿ ಊರಂಚಿನ ಕಾಡಿನಲ್ಲಿ ಜಿಂಕೆ ಎಣಿಸಲು ಜನ ಬೇಕೆಂದು ಅರಣ್ಯ ಕಚೇರಿಯವರು ಗ್ರಂಥಾಲಯದ ಬಾಗಿಲಿಗೆ ಚೀಟಿ ಅಂಟಿಸಿದಾಗ, ಅದರ ಗೋಂದು ಒಣಗುವ ಮೊದಲೇ ಹೆಸರು ಬರೆಸಿ ಬಂದರು. ತಮ್ಮದಷ್ಟೇ ಅಲ್ಲ, ಅತ್ತೆಯದನ್ನೂ, ಅವರನ್ನು ಒಂದು ಮಾತು ಕೇಳದೆ.

ಅತ್ತೆ ಎರಡು ದಿನ ಮುಖ ಊದಿಸಿಕೊಂಡರು. ಮೂರನೇ ದಿನ ಒಂದು ನೋಟ್‌ಬುಕ್ಕಿಗೆ ರಟ್ಟು ಹಾಕಿ, ಪೆನ್ಸಿಲ್ಲಿಗೆ ದಾರ ಕಟ್ಟಿ ಸಿದ್ಧವಾದರು.

ಅವರಿಗೆ ಸಿಕ್ಕಿದ್ದು ನಾಲ್ಕನೇ ದಾರಿ. ಜಿಂಕೆಗಳು ಮರಿ ಹಾಕುವ ಕಾಲದಲ್ಲಿ ಎಂಟು ವಾರ, ಪ್ರತಿ ಬುಧವಾರ ಬೆಳಗಾಗುತ್ತಿದ್ದಂತೆ ಆ ದಾರಿಯಲ್ಲಿ ನಡೆಯಬೇಕು. ಬಿಳಿ ಬಣ್ಣ ಬಳಿದ ಗೂಟ ಸಿಕ್ಕಲ್ಲೆಲ್ಲ ಹತ್ತು ನಿಮಿಷ ನಿಲ್ಲಬೇಕು. ಮಾವ ಎಣಿಸಿ ಪಿಸುದನಿಯಲ್ಲಿ ಹೇಳುವುದು, ಅತ್ತೆ ಬರೆದುಕೊಳ್ಳುವುದು. ಮನೆಗೆ ಬಂದ ಮೇಲೆ ಗಂಡು, ಹೆಣ್ಣು, ಮರಿ ಎಂಬ ಮೂರು ಅಂಕಣಗಳ ಫಾರಂ ತುಂಬುವುದು ಮಾತ್ರ ಮಾವನ ಕೆಲಸ. ಕನ್ನಡಕ ಒರೆಸಿ, ಸ್ಕೇಲು ಇಟ್ಟು, ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಅತ್ತೆಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಹೀಗೆ ಮೂರು ವರ್ಷ ನಡೆಯಿತು. ಆ ದಾರಿಯ ಐದನೇ ಗೂಟದ ಬಳಿಯ ಹುಲ್ಲುಗಾವಲು ಇಬ್ಬರಿಗೂ ಪ್ರಾಣವಾಯಿತು. ಮೊಣಕಾಲು ನೋವು ಅಂತ ಮಹಡಿ ಮೆಟ್ಟಿಲು ಹತ್ತದ ಅತ್ತೆ ಅಲ್ಲಿಗೆ ಮಾವನಿಗಿಂತ ಮುಂದೆ ಹೋಗಿ ನಿಂತಿರುತ್ತಿದ್ದರು.

ಮೂರನೇ ವರ್ಷದ ಏಳನೇ ವಾರ, ಶನಿವಾರ ಸಂಜೆ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಎಣಿಸುವವರ ಸಭೆ ಸೇರಿತು. ಅರಣ್ಯ ಕಚೇರಿಯ ಮೇಡಂ ಗೋಡೆಗೆ ನಕ್ಷೆ ತೂಗುಹಾಕಿದರು.

"ಐದನೇ ಗೂಟದ ಹತ್ರ ಹುಲ್ಲುಗಾವಲಿದೆಯಲ್ಲ, ಅದರ ಮಧ್ಯೆ ರಸ್ತೆ ಮಾಡ್ತೀವಿ ಅಂತ ಊರಿನ ಕಚೇರಿಯವರು ಕೇಳಿದಾರೆ. ಜಿಂಕೆ ಮರಿ ಬೆಳೆಯೋ ಜಾಗ ಆಗಿದ್ರೆ ಆಗಲ್ಲ ಅನ್ನಬಹುದಿತ್ತು. ಆದ್ರೆ ನಾಲ್ಕನೇ ದಾರೀಲಿ ಮೂರು ವರ್ಷದಿಂದ ಒಂದು ಮರೀನೂ ಕಂಡಿಲ್ಲ. ಸೋಮವಾರ ಹಾಗೇ ಬರೆದು ಕಳಿಸ್ತೀನಿ."

ಮೂರನೇ ದಾರಿಯ ಕ್ಷೌರದಂಗಡಿಯವನು ಬಾಯಿ ಹಾಕಿದ. "ಮಾವ, ಒಂದ್ಸಲ ಸರಿಯಾಗಿ ನೋಡಿದ್ರಾ? ಕನ್ನಡಕ ಹಾಕ್ಕೊಂಡು?"

ಮಾವನಿಗೆ ಹುಲ್ಲುಗಾವಲು ಹೋಗುತ್ತದಲ್ಲ ಎಂದು ಸಂಕಟವಾಯಿತು. ಆದರೆ ಎಣಿಕೆಯ ಸುದ್ದಿಗೆ ಬಂದರೆ ಬಿಡುವವರೇ? "ನನ್ನ ಲೆಕ್ಕ ಲೆಕ್ಕವೇ ಕಣಪ್ಪ. ಬೇಕಾದ್ರೆ ನಿನ್ನ ತಲೆ ಕೂದಲು ಎಣಿಸಿ ಹೇಳ್ಲಾ? ಬೇಗ ಮುಗಿಯುತ್ತೆ" ಎಂದರು. ಬೋಳುತಲೆಯ ಕ್ಷೌರಿಕನೂ ಸೇರಿ ಎಲ್ಲರೂ ನಕ್ಕರು. ಅತ್ತೆ ಮಾತ್ರ ಟೀ ನೆತ್ತಿಗೇರಿ ಕೆಮ್ಮಿದರು. ಏನೋ ಹೇಳಲು ಬಾಯಿ ತೆರೆದು, ಗಂಡನ ಬೀಗಿದ ಮುಖ ನೋಡಿ ಮತ್ತೆ ಟೀ ಲೋಟಕ್ಕೆ ಬಾಯಿ ಇಟ್ಟರು. ನಾಲ್ಕು ಜನರೆದುರು ಆ ಮುಖ ಬಾಡುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನೋಟ್‌ಬುಕ್ ತೆಗೆದರು.

"ರೀ, ಇಲ್ಲಿ ನೋಡಿ. ಐದನೇ ಗೂಟ. ಹೆಣ್ಣು ಒಂದು, ಕೂಸಿದೆ ಬಿಡು. ಹೆಣ್ಣು ಎರಡು, ಎರಡಕ್ಕೂ ಕೂಸಿದೆ ಬಿಡು. ನೀವು ಹೇಳಿದ್ದೇ ಇದು, ಒಂದಕ್ಷರ ಬಿಡದೆ ಬರ್ಕೊಂಡಿದೀನಿ. ಈ ಕೂಸುಗಳನ್ನ ಫಾರಮ್ಮಲ್ಲಿ ಎಲ್ಲಿ ಹಾಕಿದ್ರಿ?"

"ಎಲ್ಲೂ ಹಾಕಿಲ್ಲ. ತಾಯಿ ಪಕ್ಕದಲ್ಲೇ ಇದ್ವಲ್ಲ."

"ಪಕ್ಕದಲ್ಲಿದ್ರೆ?"

"ಮಡಿಲ ಕೂಸಿಗೆ ಎಲ್ಲಾದ್ರೂ ಟಿಕೆಟ್ ಹರೀತಾರೇನೇ? ತಾಯಿ ಬಿಟ್ಟು ತಾನೇ ಸೀಟಲ್ಲಿ ಕೂತ್ರೆ ತಾನೆ ಲೆಕ್ಕ! ಹಂಗೆ ಬೇರೆ ನಿಂತಿರೋ ಮರಿ ಒಂದೂ..."

ಮಾವ ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು.

"ಅಯ್ಯೋ" ಎಂದರು. ನೋಟ್‌ಬುಕ್ಕಿನ ಪುಟ ತಿರುವಿ ಇನ್ನೊಮ್ಮೆ, "ಅಯ್ಯೋ."

ಭಾನುವಾರವೆಲ್ಲ ಮಾವನಿಗೆ ಅನ್ನ ಸೇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮೂವತ್ನಾಲ್ಕು ವರ್ಷದ ಹೆಸರು ಉಳಿಯುತ್ತದೆ, ಹುಲ್ಲುಗಾವಲು ಹೋಗುತ್ತದೆ. ಬಾಯಿ ಬಿಟ್ಟರೆ ಕ್ಷೌರಿಕ ತನ್ನ ಅಂಗಡಿಗೆ ಬರುವ ಪ್ರತಿ ತಲೆಗೂ ಈ ಕಥೆ ಹೇಳುತ್ತಾನೆ. ಅತ್ತೆ ಹೀಗೆ ಮಾಡಿ ಅನ್ನಲಿಲ್ಲ, ಹಾಗೆ ಮಾಡಿ ಅನ್ನಲಿಲ್ಲ. ರಾತ್ರಿ ಮಲಗುವ ಮುಂಚೆ ನೋಟ್‌ಬುಕ್ಕನ್ನು ಅವರ ಅಂಗಿಯ ಪಕ್ಕ ಇಟ್ಟರು, ಅಷ್ಟೆ.

ಸೋಮವಾರ ಅರಣ್ಯ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಇಬ್ಬರೂ ಮೆಟ್ಟಿಲ ಮೇಲಿದ್ದರು. ಅವರ ಗ್ರಹಚಾರಕ್ಕೆ, ಆ ವಾರದ ಫಾರಂ ಕೊಡಲು ಕ್ಷೌರಿಕನೂ ಬಂದಿದ್ದ. ಅವನು ಹೋಗಲಿ ಎಂದು ಮಾವ ಕಾದರು. ಅವನು ಹೋಗುವ ಲಕ್ಷಣ ಕಾಣಲಿಲ್ಲ. ಕೊನೆಗೆ ಅವನೆದುರೇ ಮಾವ ನೋಟ್‌ಬುಕ್ಕನ್ನು ಮೇಡಂ ಮೇಜಿನ ಮೇಲಿಟ್ಟರು.

"ಮೇಡಂ, ನನ್ನ ಲೆಕ್ಕ ತಪ್ಪು" ಎಂದರು. ಆ ಮಾತು ಅವರ ಬಾಯಿಂದ ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಉಳಿದದ್ದನ್ನು ಅತ್ತೆ ಹೇಳಿದರು.

ಮೇಡಂ ಪುಟ ತಿರುವುತ್ತ ಹೋದರು. ತುಟಿ ಬಿಗಿಹಿಡಿದು ಹಿಡಿದು, ಕೊನೆಗೆ ತಡೆಯಲಾರದೆ ನಕ್ಕೇಬಿಟ್ಟರು.

"ನಲವತ್ತೊಂದು ಕಡೆ 'ಕೂಸಿದೆ ಬಿಡು' ಅಂತಿದೆ ಮಾವ!"

"ಈಗ ತಿದ್ದಿದ್ರೆ ನಡೆಯುತ್ತಾ?" ಎಂದು ಮಾವ ಕೇಳಿದರು.

"ತಿದ್ದೋದೇ ಬೇಡ. ಕಣ್ಣಿಂದ ನೋಡ್ತಾ ಅಲ್ಲೇ ಬರೆದಿದ್ದೇ ನಮಗೆ ಮೂಲ ದಾಖಲೆ. ಫಾರಂ ಅದರ ನಕಲು ಅಷ್ಟೆ. ಅತ್ತೆ, ತಾರೀಕು, ಗಂಟೆ, ಗೂಟ ಎಲ್ಲಾ ಹಾಕಿದೀರಲ್ಲ! ಈ ನೋಟ್‌ಬುಕ್ ನನ್ನ ಹತ್ರಾನೇ ಇರ್ಲಿ. ವರದಿ ಬೇರೆ ಬರೀತೀನಿ. ಅಲ್ಲಿ ರಸ್ತೆ ಹೇಗೆ ಮಾಡ್ತಾರೋ ನೋಡೋಣ."

ಮಾವ ಹೆದರುತ್ತ ಕ್ಷೌರಿಕನ ಕಡೆ ತಿರುಗಿದರು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಣ್ಣು ಒರೆಸಿಕೊಂಡು, "ಮಾವ, ಇದನ್ನ ನಾನು ಹೇಳದೆ ಇರೋಕಾಗಲ್ಲ, ಕ್ಷಮಿಸಿಬಿಡಿ. ಆದ್ರೆ ಒಂದು ಕಟಿಂಗ್ ನನ್ನ ಲೆಕ್ಕದಲ್ಲಿ" ಎಂದ. ಮಾವನಿಗೂ ನಗು ಬಂತು. ಹೆಸರು ಹೋದರೆ ಇಷ್ಟು ಹಗುರವಾಗುತ್ತದೆಂದು ಅವರು ಎಣಿಸಿರಲಿಲ್ಲ.

ಬುಧವಾರ ಕೊನೆಯ ನಡಿಗೆ. ಐದನೇ ಗೂಟದ ಬಳಿ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಒಂದು ಹೆಣ್ಣು ಜಿಂಕೆ ಪೊದೆಯಿಂದ ಹೊರಬಂದು ಕಿವಿ ನಿಮಿರಿಸಿ ನಿಂತಿತು. ಅದರ ಹೊಟ್ಟೆಗೆ ಅಂಟಿಕೊಂಡೇ ಒಂದು ಮರಿ, ಕಾಲು ಇನ್ನೂ ನೆಟ್ಟಗೆ ನಿಲ್ಲದ್ದು.

"ಹೆಣ್ಣು ಒಂದು" ಎಂದು ಪಿಸುಗುಟ್ಟಿ ಮಾವ ಕನ್ನಡಕ ಸರಿಮಾಡಿಕೊಂಡರು. ಅತ್ತೆ ಹೊಸ ನೋಟ್‌ಬುಕ್ಕಿನ ಮೇಲೆ ಪೆನ್ಸಿಲ್ ಹಿಡಿದು ಕಾದರು. ತಾವಾಗಿ ಹೇಳಿಕೊಡಬಾರದು ಅಂತ ತುಟಿ ಕಚ್ಚಿಕೊಂಡಿದ್ದರು.

"ಕೂಸಿದೆ" ಎಂದರು ಮಾವ, "ಫುಲ್ ಟಿಕೆಟ್ ಹರಿ."